ಸಿಂಹಾಸನದಾಚೆಯ ಚರಿತ್ರೆ: ಬರ್ಮಾ ಮತ್ತು ಜಮಖಂಡಿ ಪರಿಸರ

ಸಂಸ್ಥಾನಗಳ ಚರಿತ್ರೆಯನ್ನು ಅರಸರ ವಂಶಾವಳಿ, ಯುದ್ಧ, ಒಪ್ಪಂದಗಳ ಮೂಲಕವೇ ಬರೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಅರಸೊತ್ತಿಗೆ ಅಳಿದ ಮೇಲೆ ಆ ನಾಡಿನಲ್ಲಿ ಉಳಿಯುವುದೇನು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಈ ಪ್ರಶ್ನೆಗೆ ಬರ್ಮಾ ದೇಶದ ಚರಿತ್ರೆ ಒಂದು ಉತ್ತರ ನೀಡುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಪರಿಸರವನ್ನು ಅದರ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1885ರಲ್ಲಿ ಬ್ರಿಟಿಷರು ಮಾಂಡಲೆಯನ್ನು ವಶಪಡಿಸಿಕೊಂಡು ಬರ್ಮಾದ ಕೊನೆಯ ಅರಸ ತೀಬಾನನ್ನು ಗಡೀಪಾರು ಮಾಡಿದರು. ಮುಂಬಯಿ ಪ್ರಾಂತದ ರತ್ನಾಗಿರಿಯಲ್ಲಿ ಮೂರು ದಶಕ ಸೆರೆವಾಸ ಅನುಭವಿಸಿ ಆತ 1916ರಲ್ಲಿ ತೀರಿಕೊಂಡ. ಆದರೆ ಹಿಂದಿನ ಅರಸರ ಆಸ್ಥಾನದಲ್ಲಿ ಸಚಿವನೂ ವಾಗ್ಗೇಯಕಾರನೂ ಆಗಿದ್ದ ಮ್ಯಾವಡಿ ಮಿಂಜಿ ಊ ಸಾ (1766–1853) ರಚಿಸಿದ ಹಾಡುಗಳು ಅರಮನೆಯ ಪತನದ ನಂತರವೂ ಬಾಳಿದವು. ರಾಜಾಜ್ಞೆಯಂತೆ ಸಿದ್ಧವಾಗಿದ್ದ ‘ಗಾಜಿನರಮನೆಯ ವೃತ್ತಾಂತ’ದ ಭಾಗವನ್ನು ಪಾಲಿ ವಿದ್ವಾಂಸ ಪೆ ಮೌಂಗ್ ಟಿನ್ ಅವರು ಲೂಸ್ ಅವರೊಡನೆ ಸೇರಿ 1923ರಲ್ಲಿ ಇಂಗ್ಲಿಷಿಗೆ ತಂದರು. ಸಿಂಹಾಸನ ಕಾಪಾಡಲಾರದ್ದನ್ನು ಹಾಡು ಮತ್ತು ವಿದ್ಯೆ ಕಾಪಾಡಿದವು.

ರತ್ನಾಗಿರಿಯಿದ್ದ ಮುಂಬಯಿ ಪ್ರಾಂತಕ್ಕೆ ಹೊಂದಿಕೊಂಡೇ ಪಟವರ್ಧನರ ಜಮಖಂಡಿ ಹಾಗೂ ಘೋರ್ಪಡೆಯವರ ಮುಧೋಳ ಸಂಸ್ಥಾನಗಳಿದ್ದವು. ಇವು ರಕ್ತಪಾತವಿಲ್ಲದೆ 1948ರಲ್ಲಿ ವಿಲೀನಗೊಂಡವು. ಆದರೂ ಮುಧೋಳವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ಈ ಕವಿಗೆ ಚಾಲುಕ್ಯರ ಆಶ್ರಯವಿತ್ತು, ನಿಜ, ಆದರೆ ಚಾಲುಕ್ಯ ಸತ್ಯಾಶ್ರಯನ ಹೆಸರು ಸಾಮಾನ್ಯ ಓದುಗನ ನೆನಪಿನಲ್ಲಿ ಉಳಿದಿರುವುದು ರನ್ನನ ‘ಗದಾಯುದ್ಧ’ದಿಂದಲೇ. ಇಲ್ಲಿ ಆಶ್ರಯ ಪಡೆದವನೇ ಆಶ್ರಯ ಕೊಟ್ಟವನನ್ನು ಉಳಿಸಿದ್ದಾನೆ.

ಪೆ ಮೌಂಗ್ ಟಿನ್ ಅವರ ಸಮಕಾಲೀನರಾದ ಗುರುದೇವ ರಾ.ದ. ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಜನಿಸಿದರು. ಅಲ್ಲಿಯ ಪರಶುರಾಮಭಾವು ಪ್ರೌಢಶಾಲೆಯಲ್ಲಿ ಓದಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆದರು. ಉಪನಿಷತ್ತುಗಳ ತತ್ತ್ವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಪ್ರಕಟವಾಯಿತು. ಕನ್ನಡ ಮತ್ತು ಮರಾಠಿ ಸಂತರ ಅನುಭಾವವನ್ನೂ ಅವರು ಅಷ್ಟೇ ಆಳವಾಗಿ ವಿವೇಚಿಸಿದರು. ಅವರ ಶಾಲೆ ಪಟವರ್ಧನ ಮನೆತನದ ಹಿರಿಯರೊಬ್ಬರ ಹೆಸರನ್ನು ಹೊತ್ತಿತ್ತೆಂಬುದನ್ನು ಮರೆಯುವಂತಿಲ್ಲ.

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರಿಗಾದರೋ ಇಂಥ ಶಾಲೆಯ ಬೆಂಬಲವಿರಲಿಲ್ಲ. ಅಕ್ಕ ಗೋಹರಬಾಯಿಯವರಂತೆ ರಂಗಭೂಮಿಯ ಹಾದಿ ಹಿಡಿದು ಮುಂಬಯಿಯ ಚಿತ್ರರಂಗ ಸೇರಿದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅವರ ಕಂಠವನ್ನು ದೇಶಕ್ಕೆಲ್ಲ ಪರಿಚಯಿಸಿದವು. ಊರನ್ನು ಬಿಟ್ಟರೂ ‘ಕರ್ನಾಟಕಿ’ ಎಂಬ ಹೆಸರನ್ನು ಅವರು 1965ರಲ್ಲಿ ಕಣ್ಮುಚ್ಚುವವರೆಗೂ ಬಿಡಲಿಲ್ಲ.

ಅರಸರ ಪಾತ್ರವನ್ನು ಕುಗ್ಗಿಸುವುದು ಇಲ್ಲಿಯ ಆಶಯವಲ್ಲ. ಅವರ ಕಾಗದಪತ್ರಗಳಿಗೆ ದಫ್ತರಗಳಲ್ಲಿ ಸ್ಥಾನವಿದೆ. ಗಾಯಕಿಯ ಧ್ವನಿಮುದ್ರಿಕೆ, ನಟಿಯ ಭಾವಚಿತ್ರ, ವಿದ್ವಾಂಸರ ಟಿಪ್ಪಣಿಗಳಿಗೆ ಅಂಥ ಸ್ಥಾನವನ್ನು ನಾವೇ ಕಲ್ಪಿಸಬೇಕಾಗಿದೆ. ಅಲ್ಲಿಯವರೆಗೆ ಈ ಸೀಮೆಯ ಚರಿತ್ರೆ ಅಪೂರ್ಣವೇ.