ಉಳಿದ ಆಮ್ಲದ ಲೆಕ್ಕ

ಕೋನಿಕಲ್ ಫ್ಲಾಸ್ಕಿನ ತಳದಲ್ಲಿ 1 ಗ್ರಾಂ ಮೊಟ್ಟೆಚಿಪ್ಪಿನ ಪುಡಿ. ಅದರ ಮೇಲೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್ ಬಿದ್ದೊಡನೆ ಬುಸುಬುಸು ನೊರೆ ಏಳುತ್ತದೆ; ಚಿಪ್ಪಿನ ಒಳಪೊರೆಯ ಚೂರುಗಳು ಮೇಲೆ ಬಂದು ತೇಲುತ್ತವೆ. ಗುಳ್ಳೆ ಅಡಗಿದ ಮೇಲೆ ಬಣ್ಣ ತಿರುಗಿಸಿ ಕೊನೆ ತೋರುವ ಸೂಚಕವಾಗಿ ಎರಡು ಹನಿ ಫಿನಾಲ್ಫ್ತಲೀನ್. ಬ್ಯೂರೆಟ್ಟಿನಿಂದ ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಇಳಿಯುತ್ತಾ, 31 ಮಿಲಿಲೀಟರಿಗೆ ತೆಳು ಗುಲಾಬಿ ನಿಂತಿತೆನ್ನಿ. ಹಾಕಿದ್ದು 50, ಉಳಿದದ್ದು 31, ಚಿಪ್ಪು ತಿಂದದ್ದು 19. ಅಂದರೆ ಆ ಪುಡಿಯಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ 0.95 ಗ್ರಾಂ.

ಶಾಲೆಯ ಪ್ರಾಕ್ಟಿಕಲ್‌ನಲ್ಲಿ ಇದರ ಹೆಸರು ಬ್ಯಾಕ್ ಟೈಟ್ರೇಷನ್. ಚಿಪ್ಪು ನೀರಿನಲ್ಲಿ ಕರಗದು, ಆಮ್ಲದಲ್ಲಿ ಕರಗುವುದೂ ನಿಧಾನ. ಹನಿ ಹನಿಯಾಗಿ ಆಮ್ಲ ಬಿಡುತ್ತಾ ಕೂತರೆ ಬಣ್ಣ ತಿರುಗುವ ಗಳಿಗೆ ಸಿಗುವುದೇ ಇಲ್ಲ. ಅದಕ್ಕೇ ಮೊದಲು ಬೇಕಾದ್ದಕ್ಕಿಂತ ಹೆಚ್ಚು ಆಮ್ಲ ಕೊಟ್ಟು, ಮಿಕ್ಕಿದ್ದನ್ನು ಅಳೆಯುವುದು.

ಟೈಟ್ರೇಷನ್ನಿನ ಬೇರು ಇರುವುದು ವ್ಯಾಪಾರದಲ್ಲಿ. 1729ರಲ್ಲಿ ಫ್ರಾನ್ಸಿನ ಕ್ಲೋದ್ ಜೋಸೆಫ್ ಜೋಫ್ರುವಾ ವಿನೆಗರಿನ ಹುಳಿ ಎಷ್ಟೆಂದು ತಿಳಿಯಲು, ನೊರೆ ನಿಲ್ಲುವವರೆಗೆ ಅದಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಹಾಕಿದ. 1756ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಹೋಮ್ ಲಿನನ್ ಬಟ್ಟೆ ಬಿಳುಪು ಮಾಡುವ ಕಸುಬಿನ ಬಗ್ಗೆ ಪುಸ್ತಕ ಬರೆದ. ಆ ಕೆಲಸಕ್ಕೆ ಬೇಕಾದ ಬೂದಿಯ ಕ್ಷಾರ ಎಷ್ಟು ಗಟ್ಟಿ ಎಂದು ನೋಡಲು ಅವನು ನೈಟ್ರಿಕ್ ಆಮ್ಲವನ್ನು ಟೀ ಚಮಚದಲ್ಲಿ ಎಣಿಸಿ ಹಾಕುತ್ತಿದ್ದ. ನೊರೆ ನಿಂತಾಗ ಎಷ್ಟು ಚಮಚ ಆಯಿತೋ ಅದೇ ಬೂದಿಯ ಬೆಲೆ.

ಫ್ರಾನ್ಸಿನ ಬಟ್ಟೆಯ ಊರಾದ ರೂಆನ್‌ನಲ್ಲಿ ರಸಾಯನಜ್ಞ ದೆಕ್ರುವಾಜಿಯ್ ಚಮಚದ ಜಾಗಕ್ಕೆ ಗೆರೆ ಹಾಕಿದ ಗಾಜಿನ ಕೊಳವೆ ತಂದ. ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳು ಇಂದಿನ ಅರ್ಥದಲ್ಲಿ ನಿಂತದ್ದು 1824ರ ಹೊತ್ತಿಗೆ, ಫ್ರೆಂಚ್ ರಸಾಯನಜ್ಞ ಗೇ-ಲ್ಯುಸಾಕ್‌ನಿಂದ.

ಆದರೆ ಹಿಮ್ಮುಖ ಲೆಕ್ಕದ ಕಥೆ ನಿಜವಾಗಿ ಬಿಚ್ಚಿಕೊಳ್ಳುವುದು ಜರ್ಮನಿಯ ಕೊಬ್ಲೆಂಜ್‌ನ ಔಷಧಿಕಾರ ಕಾರ್ಲ್ ಫ್ರೀಡ್ರಿಷ್ ಮೋರ್‌ನ ಕೈಯಲ್ಲಿ. ಆಗಿನ ಸೂಚಕವೆಂದರೆ ಲಿಟ್ಮಸ್. ಸೋಡಾದಂಥ ಕಾರ್ಬೊನೇಟ್‌ಗೆ ಆಮ್ಲ ಸೇರಿಸಿದರೆ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲೇ ಉಳಿದು ಲಿಟ್ಮಸನ್ನು ನೇರಳೆಗೂ ಕೆಂಪಿಗೂ ನಡುವಿನ ದ್ರಾಕ್ಷಾರಸದ ಬಣ್ಣಕ್ಕೆ ತಿರುಗಿಸಿ ಬಿಡುತ್ತಿತ್ತು. ಕೊನೆ ಎಲ್ಲಿ ಎಂದು ಯಾರು ಹೇಳಬೇಕು? ಮೋರ್ ಅಳೆದ ಆಮ್ಲವನ್ನು ಹೆಚ್ಚಾಗಿಯೇ ಹಾಕಿದ, ದ್ರಾವಣವನ್ನು ಕುದಿಸಿ ಅನಿಲವನ್ನೆಲ್ಲ ಓಡಿಸಿದ, ಆಮೇಲೆ ಉಳಿದ ಆಮ್ಲವನ್ನು ಕ್ಷಾರದಿಂದ ಮರಳಿ ಟೈಟ್ರೇಟ್ ಮಾಡಿದ. ಬಣ್ಣ ಥಟ್ಟನೆ ತಿರುಗಿತು. ಕೈಯಲ್ಲಿ ಹಿಡಿದು ಬಗ್ಗಿಸಿ ಸುರಿಯುತ್ತಿದ್ದ ಬ್ಯೂರೆಟ್ಟನ್ನು ಸ್ಟ್ಯಾಂಡಿಗೆ ನೆಟ್ಟಗೆ ಸಿಕ್ಕಿಸಿ, ಬಾಯಿಗೆ ರಬ್ಬರ್ ನಳಿಕೆ ತೊಡಿಸಿ, ಬೆರಳಲ್ಲಿ ಒತ್ತಿದರೆ ಹನಿ ಬೀಳುವ ಕ್ಲಿಪ್ ಹಾಕಿದವನೂ ಅವನೇ. 1855ರಲ್ಲಿ ಬಂದ ಅವನ ಟೈಟ್ರೇಷನ್ ಪಠ್ಯಪುಸ್ತಕ ಆ ವಿದ್ಯೆಗೆ ಶಿಸ್ತು ಕೊಟ್ಟಿತು. ಲ್ಯಾಬಿನ ಮೇಜಿನ ಮೇಲೆ ಇವತ್ತೂ ಕಾಣುವ ಸಾಲು ಬ್ಯೂರೆಟ್ಟುಗಳು ಅವನಿಗೆ ಋಣಿ.

ಗುಲಾಬಿ ಬಣ್ಣ ಬಂದದ್ದು ತಡವಾಗಿ. ಫಿನಾಲ್ಫ್ತಲೀನನ್ನು ಜರ್ಮನ್ ರಸಾಯನಜ್ಞ ಬೇಯರ್ 1871ರಲ್ಲಿ ತಯಾರಿಸಿದ. ಸೂಚಕವಾಗಿ ಅದು ಬಳಕೆಗೆ ಬಂದದ್ದು 1877ರಲ್ಲಿ.

ಉಳಿದದ್ದನ್ನು ಅಳೆಯುವ ಈ ಉಪಾಯ ಅತಿ ದೂರ ಸಾಗಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಿಂದ. ಬಿಯರ್ ತಯಾರಿಕೆಗೆ ಬಾರ್ಲಿಯ ಪ್ರೋಟೀನ್ ಎಷ್ಟಿದೆ ಎಂಬುದು ಗೊತ್ತಾಗಬೇಕಿತ್ತು. 1883ರಲ್ಲಿ ಯೋಹಾನ್ ಕೆಲ್ಡಾಲ್ ಧಾನ್ಯವನ್ನು ಗಂಧಕಾಮ್ಲದಲ್ಲಿ ಕಾಯಿಸಿ ಅದರ ಸಾರಜನಕವನ್ನು ಅಮೋನಿಯಂ ಲವಣವಾಗಿಸಿದ. ನಂತರ ಕ್ಷಾರ ಹಾಕಿ ಅಮೋನಿಯಾವನ್ನು ಬಟ್ಟಿಯಿಳಿಸಿ, ಅಳತೆಯ ಆಮ್ಲದಲ್ಲಿ ಹಿಡಿದ. ಮಿಕ್ಕ ಆಮ್ಲ ಎಷ್ಟೆಂದು ತಿಳಿದರೆ ಅಮೋನಿಯಾ ಎಷ್ಟೆಂದು ತಿಳಿಯಿತು. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇಕಡ 16. ಹಾಗಾಗಿ ಬಂದ ಅಂಕಿಯನ್ನು 6.25ರಿಂದ ಗುಣಿಸುವುದು ರೂಢಿಯಾಯಿತು. ಹಾಲು, ಗೋಧಿ, ಜಾನುವಾರು ಮೇವು ಎಲ್ಲವೂ ಈ ಲೆಕ್ಕದಲ್ಲಿ ಅಳೆಯಲ್ಪಟ್ಟವು.

ಕೆಲ್ಡಾಲ್‌ನ ಆಮ್ಲ ಎಣಿಸುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಪುಡಿ ಸೇರಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಪುಡಿಯ ಮೂರರಲ್ಲಿ ಎರಡು ಪಾಲು ತೂಕ ಸಾರಜನಕ. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಅನೇಕರ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು, ಆರು ಕೂಸುಗಳು ತೀರಿಕೊಂಡವು. ಆನಂತರ ಹಾಲಿನಲ್ಲಿ ಮೆಲಮೈನನ್ನೇ ನೇರವಾಗಿ ಹುಡುಕುವ ಪರೀಕ್ಷೆಗಳು ಹಲವು ದೇಶಗಳಲ್ಲಿ ಜಾರಿಗೆ ಬಂದವು.