ಕತ್ತಿನ ಎರಡನೇ ಮೂಳೆಯೂ ನೇಣಿನ ಲೆಕ್ಕವೂ

ಕತ್ತಿನ ಏಳು ಕಶೇರುಗಳಲ್ಲಿ ಎರಡನೆಯದು ಆಕ್ಸಿಸ್. ಹಲ್ಲಿನಂಥ ಮೊನೆಯೊಂದು ಅದರ ಒಡಲಿನಿಂದ ಮೇಲೆದ್ದು, ಮೊದಲ ಕಶೇರುವಾದ ಅಟ್ಲಾಸ್‌ನ ಉಂಗುರದೊಳಗೆ ನಿಂತಿದೆ. ಹಿಂಬದಿಯಲ್ಲಿ ಅಡ್ಡಲಾಗಿ ಬಿಗಿದ ಅಸ್ಥಿರಜ್ಜು ಅದನ್ನು ಅಲುಗದಂತೆ ಹಿಡಿದಿರುತ್ತದೆ. ಕತ್ತನ್ನು ಎಡಬಲಕ್ಕೆ ಹೊರಳಿಸುವಾಗ ಸುಮಾರು ಅರ್ಧದಷ್ಟು ತಿರುಗುವಿಕೆ ಈ ಕೀಲಿನದೇ. ರಜ್ಜುವಿನ ಹಿಂದೆಯೇ ಬೆನ್ನುಹುರಿ. ಇಷ್ಟು ಮೇಲೆ ಅದು ಜಜ್ಜಿದರೆ ಉಸಿರಾಟವೇ ನಿಲ್ಲುತ್ತದೆ.

ಆಕ್ಸಿಸ್‌ನ ಕಮಾನು ಎರಡೂ ಬದಿ ಮುರಿದರೆ ವೈದ್ಯರು ಅದನ್ನು ‘ಹ್ಯಾಂಗ್‌ಮನ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಈ ಹೆಸರು ಬಂದದ್ದು ಗಲ್ಲುಗಂಬದಿಂದ. 19ನೇ ಶತಮಾನದ ಬಹುಕಾಲ ಬ್ರಿಟನ್ನಿನಲ್ಲಿ ಕೈದಿಯನ್ನು ಬೀಳಿಸುತ್ತಿದ್ದುದು ಗಿಡ್ಡ ಹಗ್ಗದಲ್ಲಿ. ಹೆಚ್ಚಿನವರು ಉಸಿರುಗಟ್ಟಿ, ಒದ್ದಾಡಿ ಸಾಯುತ್ತಿದ್ದರು. ಆ ಕ್ರೌರ್ಯವನ್ನು ತಗ್ಗಿಸಲು ಡಬ್ಲಿನ್‌ನ ಪಾದ್ರಿ, ವಿಜ್ಞಾನಿ ಸ್ಯಾಮ್ಯುಯೆಲ್ ಹಾಟನ್ 1866ರಲ್ಲಿ ಒಂದು ಸೂತ್ರ ಕೊಟ್ಟರು: 2240ನ್ನು ಕೈದಿಯ ತೂಕದ ಪೌಂಡುಗಳಿಂದ ಭಾಗಿಸಿದರೆ ಎಷ್ಟು ಅಡಿ ಬೀಳಿಸಬೇಕೆಂಬುದು ಸಿಗುತ್ತದೆ. 1872ರಲ್ಲಿ ಲಿಂಕನ್ ಜೈಲಿನಲ್ಲಿ ಗಲ್ಲಿಗೇರಿಸುವ ಕೆಲಸಕ್ಕಿಳಿದ ವಿಲಿಯಂ ಮಾರ್ವುಡ್ ಉದ್ದ ಹಗ್ಗವನ್ನೇ ರೂಢಿಗೆ ತಂದ. ಆದರೆ ಲೆಕ್ಕ ತಪ್ಪಿದರೆ ಘೋರವಾಗುತ್ತಿತ್ತು. 1885ರಲ್ಲಿ ನಾರ್ವಿಚ್‌ನಲ್ಲಿ ಒಬ್ಬ ಕೈದಿಯ ತಲೆಯೇ ಕತ್ತರಿಸಿಹೋಯಿತು. ಮರುವರ್ಷ ಸರ್ಕಾರ ಲಾರ್ಡ್ ಅಬರ್‌ಡೇರ್ ಸಮಿತಿಯನ್ನು ನೇಮಿಸಿತು. ಮುಂದೆ ತೂಕಕ್ಕೆ ತಕ್ಕ ಎತ್ತರದ ಅಧಿಕೃತ ಕೋಷ್ಟಕಗಳು ಬಂದವು.

ಮೂಳೆ ನಿಜಕ್ಕೂ ಎಲ್ಲಿ ಮುರಿಯುತ್ತದೆಂದು 1913ರಲ್ಲಿ ತೋರಿಸಿದವರು ಅಂಗರಚನಾಶಾಸ್ತ್ರಜ್ಞ ಫ್ರೆಡರಿಕ್ ವುಡ್ ಜೋನ್ಸ್. ರಂಗೂನ್ ಜೈಲಿನಲ್ಲಿ ನೇಣಿಗೇರಿದವರ ಮೂಳೆಗಳನ್ನು ಪರೀಕ್ಷಿಸಿ, ಗಂಟು ಗದ್ದದ ಕೆಳಗಿದ್ದರೆ ತಲೆ ಹಿಂದಕ್ಕೆ ಸೆಳೆದು ಆಕ್ಸಿಸ್‌ನ ಕಮಾನು ಸೀಳುತ್ತದೆ ಎಂದು ಅವರು ವಿವರಿಸಿದರು. ಆದರೆ ಎಲ್ಲ ನೇಣಿನಲ್ಲೂ ಹೀಗಾಗುತ್ತಿತ್ತೆಂದು ತಿಳಿಯುವುದು ತಪ್ಪು. ನೇಣಿಗೇರಿದ 34 ಮಂದಿಯ ಕಶೇರುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮುರಿತ ಕಂಡದ್ದು ಕೆಲವರಲ್ಲಷ್ಟೇ.

ವಾಹನ ಅಪಘಾತದ ಗಾಯಾಳುಗಳಲ್ಲಿ ಅಂಥದೇ ಮುರಿತವನ್ನು ಕಂಡು ವೈದ್ಯ ಷ್ನೈಡರ್ ಮತ್ತು ಸಂಗಡಿಗರು 1965ರಲ್ಲಿ ಅದಕ್ಕೆ ‘ಹ್ಯಾಂಗ್‌ಮನ್ಸ್ ಫ್ರ್ಯಾಕ್ಚರ್’ ಎಂದು ಹೆಸರಿಟ್ಟರು. ಇಲ್ಲಿ ಬಲ ಬೀಳುವ ರೀತಿ ಬೇರೆ: ಹಣೆ ಗಾಜಿಗೋ ಡ್ಯಾಶ್‌ಬೋರ್ಡಿಗೋ ಬಡಿದು ಕತ್ತು ಹಿಂದಕ್ಕೆ ಬಾಗುತ್ತದೆ, ಜೊತೆಗೆ ಮೇಲಿನಿಂದ ಒತ್ತಡ ಬೀಳುತ್ತದೆ, ನೇಣಿನಲ್ಲಾದರೋ ಕತ್ತು ಎಳೆದು ಹಿಗ್ಗುತ್ತದೆ. ಆಕ್ಸಿಸ್‌ನ ಒಡಲು ಮುಂದೆ ಸರಿದು ಕಮಾನು ಹಿಂದೆಯೇ ಉಳಿಯುವುದರಿಂದ ಬೆನ್ನುಹುರಿಯ ನಾಳ ಕಿರಿದಾಗುವ ಬದಲು ಅಗಲವಾಗುತ್ತದೆ. ಹಾಗಾಗಿ ಆಸ್ಪತ್ರೆ ತಲುಪಿದವರಲ್ಲಿ ಅನೇಕರಿಗೆ ಕೈಕಾಲು ಸ್ವಾಧೀನದಲ್ಲೇ ಇರುತ್ತವೆ. ಮೂಳೆ ಹೆಚ್ಚು ಸರಿಯದಿದ್ದರೆ ಗಡುಸು ಕಾಲರ್ ಅಥವಾ ತಲೆಬುರುಡೆಗೆ ತಿರುಪಿನಿಂದ ಬಿಗಿಯುವ ಹ್ಯಾಲೋ ಚೌಕಟ್ಟಿನಲ್ಲಿ ಕೆಲವು ತಿಂಗಳಿಗೆ ಕೂಡಿಕೊಳ್ಳುತ್ತದೆ. ಕೀಲು ಜಾರಿದ್ದರೆ ಶಸ್ತ್ರಚಿಕಿತ್ಸೆ ಬೇಕು.