ಡೇಗುವಿನ ಕೋಳಿ ಅಂಗಡಿಗಳು

ಕೊರಿಯಾದ ಕರಿದ ಕೋಳಿಯ ಬಗ್ಗೆ ಒಂದು ಸಲೀಸಾದ ಕಥೆ ಎಲ್ಲೆಡೆ ಓಡಾಡುತ್ತದೆ. 1950ರ ಯುದ್ಧಕ್ಕೆ ಅಮೆರಿಕದ ಸೈನಿಕರು ಬಂದರು, ಶಿಬಿರಗಳಲ್ಲಿ ಕೋಳಿ ಕರಿದು ತಿಂದರು, ಕೊರಿಯಾದವರು ನೋಡಿ ಕಲಿತರು ಎನ್ನುವ ಕಥೆ. ಅದನ್ನು ಸುಳ್ಳೆಂದು ತಳ್ಳಿಹಾಕಲಾರೆ. ಆದರೆ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಸಂಶೋಧನೆಗೆಂದು ಕೊರಿಯಾದ ಡೇಗು ನಗರಕ್ಕೆ ಹೋಗಿ, ಪ್ರಯೋಗಾಲಯ ಮುಚ್ಚಿದ ಮೇಲಿನ ಎಷ್ಟೋ ಸಂಜೆಗಳನ್ನು ಅಲ್ಲಿನ ಕೋಳಿ ಅಂಗಡಿಗಳಲ್ಲಿ ಕಳೆದ ನನಗೆ ಆ ಕಥೆ ಸಾಲದು. ಯುದ್ಧ ನಿಂತದ್ದು 1953ರಲ್ಲಿ. ಇಂದು ಬೆಂಗಳೂರಿನ ಹುಡುಗರೂ ಹುಡುಕಿಕೊಂಡು ಹೋಗಿ ತಿನ್ನುವ, ಕೆಂಪಗೆ ಹೊಳೆಯುವ ಖಾರ-ಸಿಹಿ ಲೇಪದ ಕೋಳಿ ಹುಟ್ಟಲು ಆಮೇಲೆ ಕಾಲು ಶತಮಾನವಾದರೂ ಬೇಕಾಯಿತು. ಆ ನಡುವೆ ಎಣ್ಣೆ ಎಲ್ಲಿಂದ ಬಂತು, ಬಾಣಲೆಯ ಮುಂದೆ ಯಾರು ಬಂದು ನಿಂತರು ಎಂದು ಕೇಳಿದರೆ ಸಿಗುವ ಉತ್ತರವೇ ಈ ತಿನಿಸಿನ ಚರಿತ್ರೆ. ಹಾಗೆ ನಿಂತವರಲ್ಲಿ ಬಹಳ ಮಂದಿ ಬೇರೊಂದು ಕಸುಬು ಕೈಕೊಟ್ಟ ಮೇಲೆ ಬಂದವರು.

ಹಳೆಯ ಕೊರಿಯಾದಲ್ಲಿ ಕೋಳಿ ಎಂದರೆ ನೀರಿನಲ್ಲಿ ಬೇಯಿಸುವ ಪದಾರ್ಥ. ಇಡೀ ಕೋಳಿಯನ್ನು ಬೆಳ್ಳುಳ್ಳಿಯೊಡನೆ ಬೇಯಿಸಿದರೆ ಬೇಕ್ಸುಕ್. ಎಳೆಗೋಳಿಯ ಹೊಟ್ಟೆಗೆ ಅಂಟಕ್ಕಿ, ಜಿನ್ಸೆಂಗ್ ಬೇರು, ಒಣ ಬೋರೆಹಣ್ಣು ತುಂಬಿ ಕುದಿಸಿದರೆ ಸಮ್‌ಗ್ಯೆತಾಂಗ್. ಬೇಸಿಗೆಯ ಅತಿ ಸೆಕೆಯ ಮೂರು ಗೊತ್ತಾದ ದಿನಗಳಲ್ಲಿ ಬಿಸಿಬಿಸಿ ಸಮ್‌ಗ್ಯೆತಾಂಗ್ ಉಣ್ಣಲು ಈಗಲೂ ಜನ ಹೋಟೆಲುಗಳ ಮುಂದೆ ಸಾಲು ನಿಲ್ಲುತ್ತಾರೆ. ಎಣ್ಣೆಯಲ್ಲಿ ಹುರಿಯುವುದು ಗೊತ್ತೇ ಇರಲಿಲ್ಲವೆಂದಲ್ಲ. 15ನೇ ಶತಮಾನದ ನಡುಭಾಗದಲ್ಲಿ ಅರಮನೆಯ ವೈದ್ಯ ಜೊನ್ ಸೂನ್-ಉಯ್ ಬರೆದ ‘ಸಾಂಗಾ ಯೊರೊಕ್’ ಎಂಬ ಗ್ರಂಥದಲ್ಲಿ ಕೋಳಿಯನ್ನು ತುಂಡು ಮಾಡಿ ಎಣ್ಣೆಯಲ್ಲಿ ಹುರಿಯುವ ಅಡುಗೆಯೊಂದಿದೆ. ಆದರೆ ಅದು ಉಳ್ಳವರ ಊಟ. ಹಳ್ಳಿಯವರ ಪಾಲಿಗೆ ಎಣ್ಣೆಯೂ ದುಬಾರಿ, ಕೋಳಿಯೂ ದುಬಾರಿ. ಅಳಿಯ ಬಂದರೆ ಅತ್ತೆ ಮೊಟ್ಟೆಯಿಡುವ ಹೇಂಟೆಯನ್ನೇ ಕೊಯ್ಯುತ್ತಾಳೆ ಎಂಬ ಮಾತು ಕೊರಿಯಾದಲ್ಲಿದೆ. ನಮ್ಮ ಮಲೆನಾಡಿನ ಅತ್ತೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೇಟೆಯ ತಿನಿಸಾಗಿ ಕೋಳಿ ಮೊದಲು ಕಾಣಿಸಿಕೊಂಡಾಗಲೂ ಅದನ್ನು ಕರಿಯುತ್ತಿರಲಿಲ್ಲ. 1960ರಲ್ಲಿ ಸೋಲ್‌ನ ಮ್ಯೊಂಗ್‌ದೊಂಗ್‌ನಲ್ಲಿ ತೆರೆದ ಒಂದು ಅಂಗಡಿ ಇಡೀ ಕೋಳಿಯನ್ನು ಸರಳಿಗೆ ಚುಚ್ಚಿ, ವಿದ್ಯುತ್ ಒಲೆಯಲ್ಲಿ ತಿರುಗಿಸಿ ಸುಟ್ಟು ಮಾರಿತು. ಗಾಜಿನಾಚೆ ಸಾಲಾಗಿ ತಿರುಗುವ ಕೋಳಿಗಳನ್ನು ನೋಡುವುದೇ ಆಗ ಒಂದು ಸಂಭ್ರಮ. ಕರಿಯುವುದಕ್ಕೆ ಬೇಕಾದಷ್ಟು ಎಣ್ಣೆ ಸಾಮಾನ್ಯರ ಕೈಗೆ ಎಟುಕಿದ್ದು 1971ರಲ್ಲಿ, ದೊಂಗ್‌ಬಾಂಗ್ ಎಂಬ ಕಂಪನಿ ‘ಹೇಪ್ಯೋ’ ಹೆಸರಿನಲ್ಲಿ ಸೋಯಾ ಎಣ್ಣೆಯನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಿಟ್ಟ ಮೇಲೆ. ಗೋಧಿ ಹಿಟ್ಟು ಅಷ್ಟರಲ್ಲಾಗಲೇ ಅಮೆರಿಕದ ನೆರವಿನ ರೂಪದಲ್ಲಿ ಬಂದು ರೂಢಿಯಾಗಿತ್ತು. ಸಾಕಣೆ ಕೇಂದ್ರಗಳೂ ಹೆಚ್ಚಿದ್ದವು. ಕೋಳಿ, ಹಿಟ್ಟು, ಎಣ್ಣೆ ಮೂರೂ ಒಟ್ಟಿಗೆ ಅಗ್ಗವಾದ ಗಳಿಗೆ ಅದು. ಸೈನಿಕರ ಕಥೆ ಹೇಳುವವರು ಈ ಎಣ್ಣೆಯ ಕಥೆಯನ್ನು ಏಕೆ ಬಿಡುತ್ತಾರೋ ನನಗೆ ತಿಳಿಯದು. ಎಣ್ಣೆಯಿಲ್ಲದೆ ಯಾರನ್ನು ನೋಡಿ ಕಲಿತರೇನು!

ಸಂತೆಪೇಟೆಗಳಲ್ಲಿ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳು ಬಂದವು. ತುಂಡು ಮಾಡದ ಇಡೀ ಕೋಳಿಯನ್ನು ತೆಳುವಾಗಿ ಹಿಟ್ಟು ಹಚ್ಚಿ ಅದರಲ್ಲಿ ಕರಿದು, ಕಾಗದದ ಚೀಲದಲ್ಲಿ ಹಾಕಿ ಕೊಡುತ್ತಿದ್ದರು. ಇದು ತೊಂಗ್‌ದಾಕ್. ಈಗ ಐವತ್ತು, ಅರವತ್ತು ದಾಟಿದ ಯಾವ ಕೊರಿಯನ್ನರನ್ನು ಕೇಳಿದರೂ ಸಂಬಳದ ದಿನ ಅಪ್ಪ ಎಣ್ಣೆ ಜಿನುಗುವ ಚೀಲ ಹಿಡಿದು ಮನೆಗೆ ಬರುತ್ತಿದ್ದುದನ್ನು ಹೇಳುತ್ತಾರೆ. ನಮ್ಮ ಪ್ರಯೋಗಾಲಯದ ಹಿರಿಯ ಪ್ರಾಧ್ಯಾಪಕರು ಹೇಳುವಾಗ, ಕಾಲು ಯಾವ ಮಗುವಿಗೆ ಸಿಗುತ್ತಿತ್ತು, ಅಮ್ಮ ಕುತ್ತಿಗೆಯ ತುಂಡನ್ನೇ ಏಕೆ ಆರಿಸಿಕೊಳ್ಳುತ್ತಿದ್ದಳು ಎಂಬುದನ್ನೂ ಬಿಡದೆ ವಿವರಿಸಿದ್ದರು. 1977ರಲ್ಲಿ ಸೋಲ್‌ನ ಶಿನ್‌ಸೆಗೆ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಲ್ಲಿ ‘ಲಿಮ್ಸ್ ಚಿಕನ್’ ತೆರೆಯಿತು. ಕೋಳಿಯನ್ನು ತುಂಡು ತುಂಡಾಗಿ ಕರಿದು ಮಾರಿದ ಮೊದಲ ಸ್ವದೇಶಿ ಫ್ರಾಂಚೈಸಿ ಎಂದು ಅದಕ್ಕೆ ಹೆಸರು.

ಇನ್ನು ಡೇಗುವಿಗೆ ಬರುತ್ತೇನೆ. ನಾಲ್ಕೂ ಕಡೆ ಬೆಟ್ಟಗಳಿರುವ ತಗ್ಗಿನಲ್ಲಿರುವ ಈ ಊರು ಬೇಸಿಗೆಯ ಧಗೆಗೆ ಹೆಸರುವಾಸಿ. ಬಟ್ಟೆ ಗಿರಣಿಗಳ ಊರು. ಸುತ್ತಲಿನ ಜಿಲ್ಲೆಗಳಲ್ಲಿ ಕೋಳಿ ಸಾಕಣೆ. ಯೂನ್ ಜೊಂಗ್-ಗ್ಯೆ ಎಂಬ ಯುವಕ ಇಲ್ಲಿ ಮುದ್ರಣಾಲಯ ನಡೆಸಿ ಕೈಸುಟ್ಟುಕೊಂಡರು. 1970ರ ದಶಕದ ಕೊನೆಯಲ್ಲಿ ಹ್ಯೋಮೊಕ್-ದೊಂಗ್ ಎಂಬ ಬಡಾವಣೆಯಲ್ಲಿ, ನಾಲ್ಕು ಮಂದಿ ನಿಂತರೆ ತುಂಬಿಹೋಗುವಂಥ ಜಾಗದಲ್ಲಿ ‘ಗ್ಯೆಸೊಂಗ್ ತೊಂಗ್‌ದಾಕ್’ ಅಂಗಡಿ ಹಾಕಿದರು. ಅವರೇ ಮುಂದೆ ಹೇಳಿಕೊಂಡಂತೆ, ಕರಿದ ಕೋಳಿ ತಣ್ಣಗಾದರೆ ಮೇಲ್ಪದರ ಬಿರುಸಾಗಿ ಗಿರಾಕಿಗಳ ಅಂಗುಳ ಗೀರುತ್ತಿತ್ತು, ಒಳಗಿನ ಎದೆಮಾಂಸ ಒಣಗಿ ಹಾಗೆಯೇ ಉಳಿಯುತ್ತಿತ್ತು. ಜನ ತಿನ್ನದೆ ಬಿಟ್ಟುಹೋದ ತುಂಡುಗಳನ್ನು ನೋಡಿ, ಇದಕ್ಕೊಂದು ಲೇಪ ಬೇಕೆಂದು ಯೂನ್ ಹೊರಟರು. ಕಿಮ್ಚಿಯ ಮಸಾಲೆಯಂತೆ ಮಾಡಿ ನೋಡಿದರು, ಹೊಂದಲಿಲ್ಲ. ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ನೆರೆಯ ಅಜ್ಜಿಯೊಬ್ಬರು ‘ಮೂಲ್‌ಯೋತ್ ಹಾಕಿ ನೋಡು’ ಎಂದರಂತೆ. ಮೂಲ್‌ಯೋತ್ ಎಂದರೆ ಧಾನ್ಯದ ಪಿಷ್ಟದಿಂದ ತೆಗೆದ ಮಂದ ಸಿಹಿ ಪಾಕ. ಬೆಳ್ಳುಳ್ಳಿ, ಒಣಮೆಣಸಿನ ಪುಡಿಯ ಜೊತೆಗೆ ಆ ಪಾಕ ಸೇರಿದಾಗ ಯಾಂಗ್‌ನ್ಯೋಮ್, ಅಂದರೆ ಮಸಾಲೆ ಲೇಪದ, ಕೋಳಿ ಕುದುರಿತು.

ಆ ಅಜ್ಜಿಯ ಮಾತಿನಲ್ಲಿ ಎಷ್ಟು ರಸಾಯನಶಾಸ್ತ್ರವಿದೆ ಎಂದು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನ್ನಿಸುತ್ತದೆ. ಕರಿದ ಪದರದ ಶತ್ರು ನೀರು. ನೀರುನೀರಾದ ಸಾರಿನಂಥ ಮಸಾಲೆ ಹಚ್ಚಿದರೆ ಪದರ ಅದನ್ನು ಹೀರಿ ಮೆತ್ತಗಾಗಿಬಿಡುತ್ತದೆ. ಮಂದವಾದ ಸಕ್ಕರೆ ಪಾಕವಾದರೆ ತನ್ನಲ್ಲಿರುವ ನೀರನ್ನು ತಾನೇ ಬಿಗಿಹಿಡಿದುಕೊಳ್ಳುತ್ತದೆ. ಲೇಪ ಪದರದ ಮೇಲೆ ಕೂರುತ್ತದೆ, ಒಳಗೆ ಬೇಗ ಇಳಿಯುವುದಿಲ್ಲ. ಮಾಂಸ ಒಣಗುವುದೂ ತಡವಾಗುತ್ತದೆ. ತಣ್ಣಗಾದರೂ ತಿನ್ನಬಹುದಾದ ಕೋಳಿ ಹೀಗೆ ಸಿಕ್ಕಿತು. ಮನೆಮನೆಗೆ ತಲುಪಿಸುವ ವ್ಯಾಪಾರ ಮುಂದೆ ಅಷ್ಟು ಬೆಳೆದದ್ದಕ್ಕೆ ಇದು ಒಂದು ಮುಖ್ಯ ಕಾರಣ ಎಂದೇ ನನ್ನ ತಿಳಿವಳಿಕೆ. ಹಲವು ಅಂಗಡಿಗಳು ಎರಡು ಬಾರಿ ಕರಿಯುವುದರ ಹಿಂದೆಯೂ ಇದೇ ನೀರಿನ ಲೆಕ್ಕವಿದೆ. ಮೊದಲ ಸಲ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಿದು ತೆಗೆದಿಟ್ಟರೆ ಮಾಂಸದೊಳಗಿನ ತೇವ ಮೆಲ್ಲಗೆ ಪದರಕ್ಕೆ ಬರುತ್ತದೆ. ಎರಡನೆಯ ಸಲ ಇನ್ನೂ ಕಾದ ಎಣ್ಣೆಗೆ ಬಿಟ್ಟಾಗ ಅದು ಆವಿಯಾಗಿ ಹೋಗುತ್ತದೆ. ಗೋಧಿ ಹಿಟ್ಟಿನ ಜೊತೆ ಆಲೂಗಡ್ಡೆಯ ಪಿಷ್ಟ ಬೆರೆಸಿದರೆ ಪದರ ತೆಳುವಾಗಿ, ಗರಿಗರಿಯಾಗಿ ಬರುತ್ತದೆ. ಕೋಳಿಯೂ ಚಿಕ್ಕದು. ಅಂಗಡಿಗಳು ಹೆಚ್ಚಾಗಿ ಬಳಸುವ ‘10ನೇ ನಂಬರ್’ ಕೋಳಿ ಎಂದರೆ ಕೊಯ್ದು ಸ್ವಚ್ಛ ಮಾಡಿದ ಮೇಲೆ 951ರಿಂದ 1,050 ಗ್ರಾಂ ತೂಗುವುದು. ಒಳಗೆ ಬೇಯುವಷ್ಟರಲ್ಲಿ ಹೊರಗೆ ಕರಕಲಾಗುವ ಭಯ ಕಡಿಮೆ.

1985ರಲ್ಲಿ ಯೂನ್ ‘ಮೆಕ್ಸಿಕನ್ ಚಿಕನ್’ ಎಂಬ ಫ್ರಾಂಚೈಸಿ ಶುರುಮಾಡಿದರು. ಯಾಂಗ್‌ನ್ಯೋಮ್ ಲೇಪದ ಹಕ್ಕನ್ನು ಹೇಳಿಕೊಳ್ಳುವವರು ಬೇರೆಯವರೂ ಇದ್ದಾರೆ. 1982ರಲ್ಲಿ ಹುಟ್ಟಿದ ‘ಪೆಲಿಕಾನಾ’ದವರು ತಮ್ಮದೂ ಇದೆ ಎನ್ನುತ್ತಾರೆ. ಡೇಗುವಿನ ಉಪ್ಪು ತಿಂದ ನಾನು ಯೂನ್ ಅವರ ಕಡೆಗೇ ವಾಲುತ್ತೇನೆ. ಕೋಳಿಯ ಜೊತೆ ಪುಕ್ಕಟೆಯಾಗಿ ಬರುವ, ಹುಳಿ-ಸಿಹಿ ನೀರಿನಲ್ಲಿ ನೆನೆದ ಬಿಳಿ ಮೂಲಂಗಿಯ ಚೌಕ ತುಂಡುಗಳೂ ತಮ್ಮ ಅಂಗಡಿಯಲ್ಲೇ ಶುರುವಾದವು ಎಂದು ಅವರು ಹೇಳುತ್ತಿದ್ದರು. ಆ ಮೂಲಂಗಿಯಿಲ್ಲದೆ ಮೂರನೆಯ ತುಂಡಿನ ನಂತರ ನಾಲಿಗೆ ಸೋಲುತ್ತದೆ.

ಅಮೆರಿಕದ ಕೆಎಫ್‌ಸಿ ಸೋಲ್‌ನ ಜೊಂಗ್ನೊ ಬೀದಿಯಲ್ಲಿ ಅಂಗಡಿ ತೆರೆದದ್ದು 1984ರಲ್ಲಿ, ಡೇಗುವಿನ ಲೇಪ ಕುದುರಿದ ಮೇಲೆ. ನಮ್ಮ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಅದೇ ಕಂಪನಿ ಬಂದದ್ದು 1995ರ ಜೂನ್‌ನಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ಕಟುವಾಗಿ ವಿರೋಧಿಸಿತು. 1996ರ ಜನವರಿ 30ರಂದು ಕಾರ್ಯಕರ್ತರು ಮಳಿಗೆಗೆ ನುಗ್ಗಿದರು. ಆಗ ವಿದ್ಯಾರ್ಥಿಯಾಗಿದ್ದ ನನಗೆ ಆ ಸಿಟ್ಟು ಅರ್ಥವಾಗುತ್ತಿತ್ತು, ಇಂದಿಗೂ ಆಗುತ್ತದೆ. ದೊಡ್ಡ ಬಂಡವಾಳ ಬಂದರೆ ಸಣ್ಣವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಕೊರಿಯಾದಲ್ಲಿ ಆ ಕಂಪನಿ ಬಂದಾಗ ಅದರೆದುರು ಲಿಮ್ಸ್ ಇತ್ತು, ಪೆಲಿಕಾನಾ ಇತ್ತು, ಡೇಗುವಿನ ಲೇಪವಿತ್ತು, ಓಣಿ ಓಣಿಯಲ್ಲಿ ಕೊಪ್ಪರಿಗೆಗಳಿದ್ದವು. ಅಲ್ಲಿನ ಸಣ್ಣ ಅಂಗಡಿಗಳಿಗೆ ಸೆಣಸಲು ತಮ್ಮದೇ ಒಂದು ರುಚಿಯಿತ್ತು.

1991ರಲ್ಲಿ ಡೇಗುವಿನ ವಾಯವ್ಯಕ್ಕಿರುವ ಕೈಗಾರಿಕಾ ಪಟ್ಟಣ ಗುಮಿಯಲ್ಲಿ ಕ್ವೋನ್ ವೋನ್-ಗಾಂಗ್ ಎಂಬವರು ‘ಕ್ಯೋಚೋನ್’ ತೆರೆದರು. ಅವರು ಬೀದಿಬದಿ ವ್ಯಾಪಾರ ಮಾಡಿ, ಟ್ಯಾಕ್ಸಿ ಓಡಿಸಿ ಬಂದವರು. ಟ್ಯಾಕ್ಸಿಯ ಪರವಾನಗಿ ಮಾರಿದ ದುಡ್ಡೇ ಅಂಗಡಿಯ ಬಂಡವಾಳ, ಜಾಗ 33 ಚದರ ಮೀಟರ್. ಕೆಂಪು ಲೇಪದ ಬದಲು ಸೋಯಾ ಸಾಸ್ ಮತ್ತು ಬೆಳ್ಳುಳ್ಳಿಯ ತೆಳು ಲೇಪವನ್ನು ಕುಂಚದಿಂದ ತುಂಡು ತುಂಡಿಗೂ ಹಚ್ಚುವುದು ಅವರ ಕ್ರಮ. ಶುರುವಿನಲ್ಲಿ ದಿನಕ್ಕೆ ಒಂದೆರಡು ಕೋಳಿಯೂ ಹೋಗುತ್ತಿರಲಿಲ್ಲವಂತೆ. 2020ರ ನವೆಂಬರ್‌ನಲ್ಲಿ ಆ ಕಂಪನಿ ಕೊರಿಯಾದ ಷೇರು ಪೇಟೆಯಲ್ಲಿ ನೋಂದಣಿಯಾಯಿತು.

ಕ್ವೋನ್ ಅವರಂತೆ ಗೆದ್ದವರು ಕೆಲವರೇ. 1997ರ ಕೊನೆಯಲ್ಲಿ ಕೊರಿಯಾದ ಆರ್ಥಿಕತೆ ಕುಸಿದು, ಐಎಂಎಫ್ ಸಾಲಕ್ಕೆ ಕೈಯೊಡ್ಡಿದಾಗ ಕಾರ್ಖಾನೆಗಳು, ಬ್ಯಾಂಕುಗಳು ಜನರನ್ನು ಮನೆಗೆ ಕಳಿಸಿದವು. ನಲವತ್ತು, ಐವತ್ತರ ಗಂಡಸರ ಕೈಗೆ ನಿವೃತ್ತಿ ಹಣದ ಒಂದು ಗಂಟು ಬಂತು, ಬೇರೆ ಕೆಲಸ ಬರಲಿಲ್ಲ. ಕೋಳಿ ಅಂಗಡಿಗೆ ಹೆಚ್ಚು ಬಂಡವಾಳ ಬೇಡ, ಕಸುಬಿನ ಮನೆತನ ಬೇಡ. ಲೇಪ, ಹಿಟ್ಟು, ಕತ್ತರಿಸಿದ ಕೋಳಿ ಎಲ್ಲವನ್ನೂ ಫ್ರಾಂಚೈಸಿಯವರೇ ಕಳಿಸುತ್ತಾರೆ. ನಾನು ಹೋಗುತ್ತಿದ್ದ ಅಂಗಡಿಯ ಯಜಮಾನರು ಅಂಥವರಲ್ಲೊಬ್ಬರು. ಎಲ್ಲರಂತೆ ನಾನೂ ಅವರನ್ನು ‘ಸಾಜಂಗ್‌ನಿಮ್’, ಅಂದರೆ ಯಜಮಾನರು, ಎಂದೇ ಕರೆಯುತ್ತಿದ್ದೆ. ಡೇಗುವಿನ ಬಟ್ಟೆ ಬಣ್ಣದ ಕಾರ್ಖಾನೆಯೊಂದರಲ್ಲಿ ಬಣ್ಣದ ತೊಟ್ಟಿಗಳ ಉಸ್ತುವಾರಿ ನೋಡುತ್ತಿದ್ದವರು, 1998ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ರಸಾಯನಶಾಸ್ತ್ರದವನೆಂದು ತಿಳಿದ ದಿನ ನನ್ನನ್ನು ಅಡುಗೆಮನೆಗೆ ಕರೆದು ಎಣ್ಣೆಯ ಉಷ್ಣಮಾಪಕ ತೋರಿಸಿದರು. “ಅಲ್ಲಿಯೂ ಇದನ್ನೇ ನೋಡುತ್ತಿದ್ದೆ. ಎರಡು ಡಿಗ್ರಿ ತಪ್ಪಿದರೆ ಇಡೀ ತಾನು ಹಾಳು” ಎಂದರು. ಅವರ ಹೆಂಡತಿ ಮೂಲಂಗಿ ಕತ್ತರಿಸುತ್ತಿದ್ದವರು ತಲೆಯೆತ್ತದೆ, “ಇಲ್ಲಿ ತಪ್ಪಿದರೆ ಹಾಳಾಗುವುದು ಒಂದೇ ಕೋಳಿ” ಅಂದರು. ಇಬ್ಬರೂ ಮಧ್ಯಾಹ್ನ ಮೂರಕ್ಕೆ ಬಾಗಿಲು ತೆಗೆದರೆ ರಾತ್ರಿ ಎರಡರವರೆಗೆ ಕೂರುತ್ತಿರಲಿಲ್ಲ.

2002ರ ವಿಶ್ವಕಪ್ ಫುಟ್‌ಬಾಲ್ ಇಂಥವರಿಗೆ ಉಸಿರು ಕೊಟ್ಟಿತು. ಕೊರಿಯಾ ತಂಡ ಸೆಮಿಫೈನಲ್‌ವರೆಗೆ ಹೋಯಿತು. ಡೇಗುವಿನಲ್ಲೇ ಎರಡು ಪಂದ್ಯ ಆಡಿತು: ಅಮೆರಿಕದೊಡನೆ 1–1ರ ಸಮಬಲ, ಮೂರನೆಯ ಸ್ಥಾನಕ್ಕಾಗಿ ಟರ್ಕಿಯೊಡನೆ 2–3ರ ಸೋಲು. ದೇಶವೇ ಕೆಂಪು ಅಂಗಿ ತೊಟ್ಟು ಟಿವಿಯ ಮುಂದೆ ಕೂತಾಗ ಕೋಳಿ ಮತ್ತು ಬಿಯರ್ ಬಿಡದ ಜೋಡಿಯಾದವು. ಈ ‘ಚಿಮೇಕ್’ ಜೋಡಿಗೆ ಡೇಗುವಿನ ದುರ್ಯು ಉದ್ಯಾನದಲ್ಲಿ 2013ರಿಂದ ಬೇಸಿಗೆಯ ಉತ್ಸವವೂ ನಡೆಯುತ್ತದೆ. ಜನಜಂಗುಳಿ, ಸಂಗೀತ ಎಲ್ಲ ಚೆಂದವೇ.

ಆ ಉತ್ಸವದ ಬೆಳಕಿಗಿಂತ ನನಗೆ ಮುಖ್ಯವಾಗಿ ಕಾಣುವುದು 2010ರ ಡಿಸೆಂಬರ್. ಸೂಪರ್‌ಮಾರ್ಕೆಟ್ ಸರಣಿ ಲೊಟ್ಟೆ ಮಾರ್ಟ್ ತನ್ನ ಮಳಿಗೆಗಳಲ್ಲಿ ಕರಿದ ಕೋಳಿಯನ್ನು 5,000 ವೋನ್‌ಗೆ ಮಾರಲು ಹೊರಟಿತು. ಓಣಿಯ ಅಂಗಡಿಗಳ ಬೆಲೆ ಅದರ ಎರಡು ಮೂರು ಪಟ್ಟು ಇತ್ತು. ಗ್ರಾಹಕರು ಬೆಳಿಗ್ಗೆಯೇ ಸಾಲು ನಿಂತರು. ಅಂಗಡಿಯವರು ಬೀದಿಗಿಳಿದು ಪ್ರತಿಭಟಿಸಿದರು, ಒಂದೇ ವಾರದಲ್ಲಿ ಮಾರಾಟ ನಿಂತಿತು. ಅಗ್ಗದ ಕೋಳಿ ತಪ್ಪಿತೆಂದು ಕೊರಗಿದವರು ಬಹಳ. ಅವರ ಜೇಬಿನ ಕಷ್ಟ ಕಷ್ಟವೇ. ಆದರೂ ಸಾಜಂಗ್‌ನಿಮ್‌ರ ಅಡುಗೆಮನೆ ನೋಡಿದ ನನಗೆ ಅಂಗಡಿಯವರ ಪಕ್ಷ ಬಿಟ್ಟು ನಿಲ್ಲಲಾಗದು. ಕೆಬಿ ಹಣಕಾಸು ಸಂಸ್ಥೆಯ 2019ರ ವರದಿಯಂತೆ ಆ ವರ್ಷದ ಫೆಬ್ರವರಿಯಲ್ಲಿ ಕೊರಿಯಾದಲ್ಲಿದ್ದ ಕೋಳಿ ಅಂಗಡಿಗಳು ಸುಮಾರು 87,000. ಹಿಂದಿನ ವರ್ಷ ಹೊಸದಾಗಿ ತೆರೆದವು ಸುಮಾರು 6,200, ಮುಚ್ಚಿದವು ಸುಮಾರು 8,400. ಒಂದೊಂದು ಮುಚ್ಚಿದ ಅಂಗಡಿಯ ಹಿಂದೆ ಯಾರದೋ ನಿವೃತ್ತಿಯ ಗಂಟಿದೆ, ಯಾರದೋ ಮನೆಯ ಮೇಲಿನ ಸಾಲವಿದೆ.

ಡೇಗುವಿಗೆ ಹೋಗುವ ಕನ್ನಡಿಗರು ಈಗ ಅಪರೂಪವಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಹುಡುಗ ಹುಡುಗಿಯರು ಸಂಶೋಧನೆ ಮಾಡುತ್ತಾರೆ. ಹೋದವರು ದೊಡ್ಡ ಬ್ರ್ಯಾಂಡಿನ ಹೊಳೆಯುವ ಮಳಿಗೆಗೆ ಆಮೇಲೆ ಹೋಗಲಿ, ಮೊದಲು ಗಂಡ ಹೆಂಡತಿ ಇಬ್ಬರೇ ನಡೆಸುವ ನಾಲ್ಕು ಮೇಜಿನ ಅಂಗಡಿ ಹುಡುಕಲಿ. ಅರ್ಧ ಬರೀ ಕರಿದದ್ದು, ಅರ್ಧ ಲೇಪ ಹಚ್ಚಿದ್ದು ಕೇಳಿದರೆ ಒಂದೇ ತಟ್ಟೆಯಲ್ಲಿ ಎರಡೂ ಕೊಡುತ್ತಾರೆ. ಕರಿದದ್ದನ್ನು ಬಿಸಿಯಿರುವಾಗಲೇ ಮುಗಿಸಬೇಕು. ಲೇಪದ್ದು ತಣ್ಣಗಾಗುವವರೆಗೆ ಕಾಯುತ್ತದೆ. ಮೂಲಂಗಿ ಮುಗಿದರೆ ಸಂಕೋಚವಿಲ್ಲದೆ ಇನ್ನೊಂದು ಬಟ್ಟಲು ಕೇಳಬಹುದು, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.